ಲಕ್ಷ ರೂಪಾಯಿಯ ಕಾಂಪೌಂಡ್ ಬಿಲ್ಲು ಕೊಂಡರೆ ಹಂದಿ ಕಾಟ ತಪ್ಪುತ್ತದೆಯೇ?

ಇಂಥದ್ದೊಂದು ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅಮೆರಿಕದ ಯಾವುದೋ ಕಾಡು. ಮರದ ಮೇಲೆ ಕುಳಿತ ಒಬ್ಬಾತ ಎರಡು ತುದಿಗೂ ಗಾಲಿಗಳಿರುವ ವಿಚಿತ್ರ ಬಿಲ್ಲನ್ನು ಎಳೆಯುತ್ತಾನೆ. ಸದ್ದಿಲ್ಲದೆ ಬಾಣ ಹೋಗುತ್ತದೆ, ದೂರದಲ್ಲಿ ಹಂದಿ ಉರುಳುತ್ತದೆ. ರೈತರ ವಾಟ್ಸಾಪ್ ಗುಂಪಿಗೆ ಇದು ಬಂತೆಂದರೆ ಕೆಳಗೆ ಎರಡು ಸಾಲು ಸೇರಿಕೊಳ್ಳಲು ಹೆಚ್ಚು ಹೊತ್ತು ಬೇಡ: ಬಂದೂಕಿಗೆ ಲೈಸೆನ್ಸ್ ಬೇಕು, ಇದಕ್ಕೆ ಬೇಡ, ಕೊಳ್ಳುವುದಾದರೆ ದುಬಾರಿಯದನ್ನೇ ಕೊಳ್ಳಿ, ಗುರಿ ತಪ್ಪುವುದಿಲ್ಲ.

ಸವಳಂಗ, ನ್ಯಾಮತಿ, ಹೊನ್ನಾಳಿ ಕಡೆಯ ರೈತರಿಗೆ ಇದು ಬರೀ ಮೋಜಿನ ವಿಡಿಯೊ ಅಲ್ಲ. ಮೆಕ್ಕೆಜೋಳದ ತೆನೆ ಹಾಲುದುಂಬುವ ಹೊತ್ತಿಗೆ ಹಂದಿಗಳ ಹಿಂಡು ಒಂದು ರಾತ್ರಿ ನುಗ್ಗಿದರೆ ತಿಂದದ್ದಕ್ಕಿಂತ ತುಳಿದು ಹಾಳು ಮಾಡಿದ್ದೇ ಹೆಚ್ಚು. ಅಂಥ ಹೊಲದ ಬದುವಿನ ಮೇಲೆ ನಿಂತವರಿಗೆ ಲಕ್ಷ ರೂಪಾಯಿಯೂ ದೊಡ್ಡದೆನಿಸದೆ ಇರಬಹುದು. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಹಂದಿ ಹೊಡೆಯಲು ಈ ಬಿಲ್ಲು ಒಂದು ರೂಪಾಯಿಗೂ ಬಾಳುವುದಿಲ್ಲ. ಆಟಕ್ಕೆ ಬಾಳುತ್ತದೆ, ಆದರೆ ಅದಕ್ಕೂ ಬೇಟೆಯ ಮಾದರಿ ಬೇಡ.

ಗಾಲಿ ಏಕೆ?

ಮನೆ ಸುತ್ತಲಿನ ಕಾಂಪೌಂಡಿಗೂ ಈ ಬಿಲ್ಲಿನ ಹೆಸರಿಗೂ ಸಂಬಂಧವಿಲ್ಲ. ಶಿಕಾರಿಪುರ ಕಡೆಯ ವೀರಗಲ್ಲುಗಳಲ್ಲಿ ವೀರರು ಹಿಡಿದಿರುವುದು ಸಾದಾ ಬಿಲ್ಲು. ಅದರ ಹೆದೆಯನ್ನು ಎಳೆದಷ್ಟೂ ಭಾರ ಏರುತ್ತದೆ. ಪೂರ್ತಿ ಎಳೆದು ಗುರಿ ಹಿಡಿಯುವ ಹೊತ್ತಿಗೇ ಭಾರ ಅತಿ ಹೆಚ್ಚು, ಕೈ ನಡುಗುವುದೂ ಆಗಲೇ. ಅಮೆರಿಕದ ಮಿಸೌರಿಯ ಹೋಲಿಸ್ ವಿಲ್ಬರ್ ಅಲೆನ್ ಎಂಬಾತ ಬಿಲ್ಲಿನ ತುದಿಗಳಿಗೆ ರಾಟೆ ಕಟ್ಟಿ ಇದನ್ನು ತಿರುವುಮುರುವು ಮಾಡಿದ. 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ.

ಈ ರಾಟೆ ಪೂರ್ತಿ ದುಂಡಗಿಲ್ಲ, ಅಚ್ಚು ನಡುವಿಗೂ ಇಲ್ಲ. ಹಾಗಾಗಿ ಅರ್ಧ ಎಳೆಯುವವರೆಗೆ ಭಾರ ಏರುತ್ತದೆ, ಆಮೇಲೆ ತಟ್ಟನೆ ಇಳಿಯುತ್ತದೆ. ಬೇಟೆಯ ಬಿಲ್ಲಿನ ಭಾರ ಸಾಮಾನ್ಯವಾಗಿ 70 ಪೌಂಡ್, ಅಂದರೆ ಹೆಚ್ಚುಕಡಿಮೆ 32 ಕಿಲೊ. ಎರಡು ಕೊಡ ನೀರಿನಷ್ಟು. ಪೂರ್ತಿ ಎಳೆದಾಗ ಅದರಲ್ಲಿ ಶೇ 80ರಷ್ಟು ಕಳೆದುಹೋದರೆ ಬೆರಳಿಗೆ ಉಳಿಯುವುದು ಆರೂವರೆ ಕಿಲೊ ಮಾತ್ರ. ಎಳೆದು ಹಿಡಿದು ನಿಧಾನವಾಗಿ ಗುರಿ ನೋಡಬಹುದು. ಕಾಂಪೌಂಡ್ ಬಿಲ್ಲಿನ ನಿಜವಾದ ಗುಟ್ಟು ಇಷ್ಟೇ, ಮತ್ತು ಇದು ಎಲ್ಲ ಬೆಲೆಯ ಬಿಲ್ಲುಗಳಲ್ಲೂ ಇದೆ. ಇದಕ್ಕಾಗಿ ಯಾರೂ ಲಕ್ಷ ಕೊಡಬೇಕಿಲ್ಲ.

ಹಾಗಾದರೆ ಲಕ್ಷ ಯಾವುದಕ್ಕೆ?

ಅಮೆರಿಕದಲ್ಲೇ ಹೆಸರಾಂತ ಕಂಪನಿಗಳ ಮೇಲ್ದರ್ಜೆಯ ಬಿಲ್ಲಿಗೆ 1,200 ಡಾಲರ್‌ಗೂ ಹೆಚ್ಚು ಬೆಲೆ. ಅದು ಬರಿಯ ಬಿಲ್ಲಿಗೆ. ಗುರಿ ನೋಡುವ ಸೈಟ್, ಬಾಣ ಕೂರುವ ರೆಸ್ಟ್, ಹೆದೆ ಬಿಡುವ ರಿಲೀಸ್, ಬಾಣಗಳು ಎಲ್ಲವೂ ಬೇರೆ. ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ, ತೆರಿಗೆ. ಹೀಗಾಗಿ ಲಕ್ಷ ದಾಟುವುದು ಕಷ್ಟವೇನಲ್ಲ. ಎಲ್ಲ ಜೋಡಿಸಿಯೇ ಕೊಡುವ ಆರಂಭದ ಸೆಟ್‌ಗಳು ಅದೇ ಅಮೆರಿಕದಲ್ಲಿ ಇದರ ಅರ್ಧಕ್ಕೂ ಕಡಿಮೆಗೆ ಸಿಗುತ್ತವೆ.

ಹೆಚ್ಚು ಕೊಟ್ಟ ಹಣಕ್ಕೆ ಏನೂ ಸಿಗುವುದಿಲ್ಲ ಎಂದಲ್ಲ. ಬಾಣ ಬಿಟ್ಟಾಗ ಕೈಗೆ ಬಡಿಯುವ ಅದುರು ಕಡಿಮೆ, ಸದ್ದು ಕಡಿಮೆ, ಎಳೆಯುವುದು ನಯ, ಹೊಂದಿಸಿದ್ದು ಸಡಿಲಾಗುವುದು ತಡ. ಆದರೆ ಜಾಹೀರಾತು ಕೂಗಿ ಹೇಳುವುದು ಇದನ್ನಲ್ಲ, ವೇಗವನ್ನು. ಸೆಕೆಂಡಿಗೆ 340 ಅಡಿ! ಈ ಅಂಕಿ ಹೇಗೆ ಬಂತೆಂದು ನೋಡಿ. 70 ಪೌಂಡ್ ಭಾರ, 30 ಇಂಚು ಎಳೆತ, 350 ಗ್ರೇನ್ ತೂಕದ ಹಗುರ ಬಾಣ: ಕಂಪನಿಗಳು ಸಾಮಾನ್ಯವಾಗಿ ಅಳೆಯುವುದು ಈ ಲೆಕ್ಕದಲ್ಲಿ.

ನಿಮ್ಮ ಎಳೆತ ಎಷ್ಟೆಂದು ಮನೆಯಲ್ಲೇ ತಿಳಿಯಬಹುದು. ಎರಡೂ ತೋಳು ಚಾಚಿ, ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಇಂಚಿನಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿ. ಐದೂವರೆ ಅಡಿ ಎತ್ತರದವರಿಗೆ 26ರಿಂದ 27 ಇಂಚು ಬರುತ್ತದೆ. ಒಂದು ಇಂಚು ಕಡಿಮೆಯಾದರೆ ವೇಗ ಸುಮಾರು 10 ಅಡಿ ಇಳಿಯುತ್ತದೆ ಎಂಬುದು ಬಿಲ್ಲುಗಾರರ ಅಂದಾಜು ಲೆಕ್ಕ. ಭಾರವನ್ನು 60 ಪೌಂಡಿಗೆ ಇಳಿಸಿ ಸ್ವಲ್ಪ ತೂಕದ ಬಾಣ ಹಾಕಿದರೆ ಇನ್ನಷ್ಟು ಹೋಗುತ್ತದೆ. ಡಬ್ಬದ ಮೇಲಿನ 340 ನಿಮ್ಮ ಕೈಯಲ್ಲಿ 270ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಅಗ್ಗದ ಬಿಲ್ಲು ಅದೇ ಕೈಯಲ್ಲಿ 240 ಕೊಡುತ್ತದೆ ಎಂದಿಟ್ಟುಕೊಳ್ಳಿ. 20 ಮೀಟರ್ ದೂರಕ್ಕೆ ಒಂದು ಬಾಣ 0.24 ಸೆಕೆಂಡಿನಲ್ಲಿ ತಲುಪಿದರೆ ಇನ್ನೊಂದು 0.27ರಲ್ಲಿ. ಅಷ್ಟರಲ್ಲಿ ನಿಧಾನದ ಬಾಣ ನೆಲದ ಕಡೆಗೆ ಸುಮಾರು 8 ಸೆಂಟಿಮೀಟರ್ ಹೆಚ್ಚು ಬಾಗಿರುತ್ತದೆ. ಸೈಟನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಆ ವ್ಯತ್ಯಾಸವೂ ಇಲ್ಲ. ಬಾಣ ಅತ್ತಿತ್ತ ಹೋಗುವುದು ಹೆಚ್ಚಾಗಿ ಬಿಡುವವರ ಭುಜ, ಬೆರಳು, ಅವಸರದಿಂದ. ಆ ಕಾಯಿಲೆಗೆ ದುಬಾರಿ ಬಿಲ್ಲು ಮದ್ದಲ್ಲ.

ಆಟಕ್ಕಾದರೆ ಲೆಕ್ಕವೇ ಬೇರೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತಕ್ಕೆ ಬಂದವು. ಅದರಲ್ಲಿ ಮೂರರಲ್ಲಿ ಜ್ಯೋತಿ ಸುರೇಖಾ ವೆನ್ನಂ ಅವರ ಪಾಲಿತ್ತು. ಹುಟ್ಟಿನಿಂದಲೇ ತೋಳುಗಳಿಲ್ಲದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದರು. ಅವರದೂ ಕಾಂಪೌಂಡ್ ಬಿಲ್ಲೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ನಿಮ್ಮ ಮನೆಯ ಹುಡುಗ ಹುಡುಗಿಗೆ ಈ ಆಸೆ ಹತ್ತಿದ್ದರೆ ಒಳ್ಳೆಯದೇ. ಆದರೆ ಸ್ಪರ್ಧೆಯಲ್ಲಿ ಬಿಲ್ಲಿನ ಭಾರ 60 ಪೌಂಡ್ ಮೀರುವಂತಿಲ್ಲ. ಮರದ ಮೇಲೆ ಕೂರಲೆಂದು ಗಿಡ್ಡವಾಗಿ ಮಾಡಿದ ಬೇಟೆಯ ಬಿಲ್ಲಿಗಿಂತ ಉದ್ದದ ಬಿಲ್ಲು ಅಲ್ಲಿ ಕೈಗೆ ಹೆಚ್ಚು ಸ್ಥಿರ. ಮೊದಲು ಕೋಚ್ ಬಳಿ ಹೋಗಿ, ಅಲ್ಲಿಯ ಬಿಲ್ಲಿನಲ್ಲೇ ಕೆಲವು ತಿಂಗಳು ಕಲಿಯಲಿ. ಅಳತೆ, ಭಾರ ನಿಂತ ಮೇಲೆ ಖರೀದಿ. ಹೆದೆ ಬದಲಿಸಲು ಪ್ರೆಸ್ ಎಂಬ ಸಾಧನ ಬೇಕು, ಅದು ಎಲ್ಲ ಊರಲ್ಲೂ ಇಲ್ಲ. ಆದ್ದರಿಂದ ರಿಪೇರಿಗೆ ಯಾರಿದ್ದಾರೆ ಎಂದು ಅಂಗಡಿಯವರನ್ನು ಮೊದಲೇ ಕೇಳಿ. ಬಾಣ ಹೂಡದೆ ಸುಮ್ಮನೆ ಹೆದೆ ಎಳೆದು ಬಿಡುವುದಂತೂ ಬೇಡವೇ ಬೇಡ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ ಬಡಿದು ಅದು ಮುಖದ ಮುಂದೆಯೇ ಸಿಡಿಯಬಹುದು.

ಹೊಲಕ್ಕಾದರೆ?

ವಿಡಿಯೊದಲ್ಲಿ ಕಾಣದ ಸಂಗತಿ ಒಂದಿದೆ. ಈ ಬಾಣದ ಶಕ್ತಿ ಸುಮಾರು 90 ಜೂಲ್, ಚಿಕ್ಕ .22 ರೈಫಲ್ಲಿನ ಗುಂಡಿಗಿಂತಲೂ ಕಡಿಮೆ. ಬಾಣ ಪ್ರಾಣಿಯನ್ನು ಬಡಿದು ಬೀಳಿಸುವುದಿಲ್ಲ. ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಅದಕ್ಕೆ ಹೊತ್ತು ಬೇಕು. ಅಲ್ಲದೆ ಸದ್ದು ಬಾಣಕ್ಕಿಂತ ನಾಲ್ಕು ಪಟ್ಟು ವೇಗವಾಗಿ ಹೋಗುತ್ತದೆ. ಹೆದೆಯ ಸಪ್ಪಳ ಹಂದಿಯ ಕಿವಿಗೆ ಬಿದ್ದ ಮೇಲೂ ಬಾಣ ದಾರಿಯಲ್ಲೇ ಇರುತ್ತದೆ, ಹಂದಿ ಅಷ್ಟರಲ್ಲಿ ಮೈ ತಿರುಗಿಸಿರುತ್ತದೆ. ರಾತ್ರಿಯ ಕತ್ತಲು, ಆಳೆತ್ತರದ ಜೋಳ, ಟಾರ್ಚ್ ಬೆಳಕು. ಹೊಟ್ಟೆಗೋ ತೊಡೆಗೋ ಬಾಣ ನೆಟ್ಟ ಹಂದಿ ಪೊದೆ ಸೇರುತ್ತದೆ. ಬೆಳಿಗ್ಗೆ ಅದೇ ಹೊಲಕ್ಕೆ ಕಳೆ ಕೀಳಲು ಬರುವವರು ಯಾರು ಎಂದು ಯೋಚಿಸಿ. ಗಾಯಗೊಂಡ ಹಂದಿಯ ಕೋರೆ ತಾಗಿದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಲೈಸೆನ್ಸ್ ಮಾತು. ಕ್ರೀಡೆಯ ಬಿಲ್ಲು ಕೊಳ್ಳಲು ಬಂದೂಕಿನ ಲೈಸೆನ್ಸ್ ಕೇಳುವುದಿಲ್ಲ ಎನ್ನುವುದು ಸರಿ. ಫಾರ್ವರ್ಡ್ ಅಷ್ಟಕ್ಕೇ ನಿಲ್ಲುತ್ತದೆ, ಕಾನೂನು ನಿಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೋಡುವುದು ಯಾವುದರಿಂದ ಹೊಡೆದಿರಿ ಎಂಬುದನ್ನಲ್ಲ, ಹೊಡೆದಿರಾ ಎಂಬುದನ್ನು. ಹೊಡೆಯಲು ಯತ್ನಿಸಿದರೂ ಅದು ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೃತ್ಯಕ್ಕೆ ಬಳಸಿ ಜಪ್ತಿಯಾದ ಆಯುಧ, ವಾಹನ ಸರ್ಕಾರದ ಸ್ವತ್ತಾಗಲು 39ನೇ ಕಲಮು ಅವಕಾಶ ಕೊಡುತ್ತದೆ. ಬಿಲ್ಲಿನ ಜೊತೆ ಬೈಕೂ ಹೋಯಿತು.

ಜಗಳೂರು ಕಡೆಯಾದರೆ ಅಪಾಯ ಇನ್ನೂ ಹೆಚ್ಚು. ಅಲ್ಲಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳ ವನ್ಯಧಾಮ. ಕೊಂಡುಕುರಿ ಮೊದಲನೇ ಅನುಸೂಚಿಯ ಪ್ರಾಣಿ. ಕತ್ತಲಲ್ಲಿ ಹಂದಿ ಎಂದುಕೊಂಡು ಬಿಟ್ಟ ಬಾಣ ಅದಕ್ಕೆ ತಾಗಿದರೆ ಶಿಕ್ಷೆ ಕನಿಷ್ಠ ಮೂರು ವರ್ಷ, ಏಳರವರೆಗೂ ಹೋಗಬಹುದು.

ನಿಂತ ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು ಕಾಯ್ದೆಯ 11ನೇ ಕಲಮಿನಲ್ಲಿ ದಾರಿಯಿದೆ. ಆದರೆ ಆ ಅನುಮತಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತವಾಗಿ ಕೊಡಬೇಕು. ವಾಟ್ಸಾಪ್ ಗುಂಪಿನ ಅಡ್ಮಿನ್ ಕೊಡುವಂತಿಲ್ಲ. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದು, ಪಹಣಿ ಹಿಡಿದು, ತಡಮಾಡದೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಹಾಕಿ. ಸಿಗುವ ಹಣ ನಷ್ಟಕ್ಕೆ ಸಾಲದು ಎಂಬ ರೈತರ ದೂರು ನ್ಯಾಯವಾದದ್ದೇ. ಆದರೂ ಅರ್ಜಿಯೇ ಹಾಕದಿದ್ದರೆ ನಿಮ್ಮ ಹೊಲಕ್ಕೆ ಹಂದಿ ಬಂದದ್ದು ಲೆಕ್ಕಕ್ಕೇ ಸೇರುವುದಿಲ್ಲ.

ಬಿಲ್ಲಿಗೆಂದು ಎತ್ತಿಟ್ಟ ಹಣವಿದ್ದರೆ ಸೋಲಾರ್ ಬೇಲಿಗೆ ಹಾಕುವುದು ಲೇಸು. ಅದರ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ, ಕ್ಷಣದ ತೀರಾ ಚಿಕ್ಕ ಪಾಲಿನಷ್ಟು ಹೊತ್ತು ಮಾತ್ರ ಶಾಕ್ ಕೊಡುತ್ತದೆ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಕರೆಂಟ್ ಕಂಬದಿಂದ ನೇರ ತಂತಿ ಎಳೆಯುವುದು ಇದಲ್ಲ. ಅದು ಅಪರಾಧ, ರಾತ್ರಿ ನೀರು ಕಟ್ಟಲು ಹೋದ ಮನೆಯವರನ್ನೇ ಬಲಿ ತೆಗೆದುಕೊಳ್ಳುತ್ತದೆ. ಹಂದಿಗಾದರೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿನಷ್ಟೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಮೂತಿ ತೂರಿಸಿ ನುಸುಳಿಬಿಡುತ್ತದೆ. ಹುಲ್ಲು ಬೆಳೆದು ಆ ತಂತಿಗೆ ತಾಗಿದರೆ ಶಾಕ್ ನೆಲಕ್ಕೆ ಸೋರಿಹೋಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬೇಲಿಯ ಬುಡ ಸವರಿ.