ಕನ್ನಡ ಶಾಲೆಗೆ ಸರಕಾರದ ಬಸ್ಸು ಬರಲಿ

ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಶೂಲಗಿರಿ, ಕೃಷ್ಣಗಿರಿ ಸೀಮೆಯ ಕನ್ನಡ ಬಂಧುಗಳೇ,

ಗಡಿಯ ಗೆರೆ ಎಲ್ಲಿರಬೇಕೆಂಬ ವಾದವನ್ನು ಈ ಪುಸ್ತಿಕೆಯ ಮಟ್ಟಿಗೆ ಬದಿಗಿರಿಸುತ್ತೇವೆ. ಆ ವಾದ ದೊಡ್ಡವರದು, ಅದು ಕಾಯಬಲ್ಲುದು. ಆರು ವರ್ಷದ ಮಗು ಕಾಯಲಾರದು. ಆ ಮಗು ತನ್ನ ಮನೆಮಾತಿನಲ್ಲಿ ಕಲಿಸುವ ಶಾಲೆಗೆ ದಿನವೂ ಹೋಗಿ ಬರುವುದು ಹೇಗೆ? ಇದೊಂದೇ ನಮ್ಮ ಇಂದಿನ ಪ್ರಶ್ನೆ. ಸರಕಾರದ ಹಣದಿಂದ, ಸರಕಾರದ ಹೊಣೆಯಲ್ಲಿ, ಶಾಲೆಯ ಹೊತ್ತಿಗೆ ಸರಿಯಾಗಿ ಓಡುವ ಬಸ್ಸು ಬೇಕೆಂಬುದೇ ನಮ್ಮ ಉತ್ತರ.

ಬೆಳಗಿನ ಹೊತ್ತು ನಮ್ಮ ಹಳ್ಳಿಗಳ ಹಾದಿಯಲ್ಲಿ ನಿಂತು ನೋಡಿರಿ. ಶುಲ್ಕ ಪಡೆದು ಕಲಿಸುವ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಊರ ಬಾಗಿಲಿಗೆ ಬಂದು ನಿಲ್ಲುತ್ತದೆ. ದೂರದ ಕನ್ನಡ ಶಾಲೆಗೆ ಹೋಗಬೇಕಾದ ಮಗು ನಡೆಯುತ್ತದೆ. ಇಲ್ಲವೆ ಹೋಗುವುದನ್ನೇ ಬಿಡುತ್ತದೆ. ಸಾಲ ಮಾಡಿಯಾದರೂ ಶುಲ್ಕ ಕಟ್ಟುವ ತಂದೆಯನ್ನು ನಾವು ದೂರುವುದಿಲ್ಲ. ಅವನು ಕೊಳ್ಳುತ್ತಿರುವುದು ಇಂಗ್ಲಿಷನ್ನಷ್ಟೇ ಅಲ್ಲ, ಮಗಳು ಸಂಜೆ ಸುಖವಾಗಿ ಮನೆ ಸೇರುವಳೆಂಬ ನೆಮ್ಮದಿಯನ್ನೂ ಕೊಳ್ಳುತ್ತಿದ್ದಾನೆ. ಆದರೆ ಬಳಿಕ ನಡೆಯುವುದೇನು? ಕನ್ನಡ ತರಗತಿಯ ಹಾಜರಿ ಪುಸ್ತಕ ತೆಳ್ಳಗಾಗುತ್ತದೆ. ಆ ಪುಸ್ತಕವನ್ನು ತಿರುವಿಹಾಕಿದವರು ಕನ್ನಡಕ್ಕೆ ಬೇಡಿಕೆಯಿಲ್ಲವೆಂದು ಬರೆಯುತ್ತಾರೆ. ದಾರಿಯಿಲ್ಲದ್ದರಿಂದ ಬಾರದ ಮಕ್ಕಳನ್ನು ಮನಸ್ಸಿಲ್ಲದ್ದರಿಂದ ಬಾರದವರೆಂದು ಲೆಕ್ಕಕ್ಕೆ ಹಿಡಿಯುವ ಈ ಅನ್ಯಾಯವನ್ನು ನಾವು ಒಪ್ಪುವುದಿಲ್ಲ.

ನಮಗೆ ಕೊಟ್ಟ ಮಾತೇನೆಂಬುದನ್ನು ಮೊದಲು ನೆನೆಯೋಣ. ೧೯೫೬ ರ ನವೆಂಬರ್ ೧ ರಂದು ರಾಜ್ಯಗಳು ಭಾಷೆಯ ಆಧಾರದ ಮೇಲೆ ಮರುವಿಂಗಡಣೆಗೊಂಡಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ೩೫೦–ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಾದ ಅನುಕೂಲಗಳನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂಬುದು ಅದರ ಸಾರ. ಗೆರೆಯ ಆಚೆ ಉಳಿದವರಿಗೆ ದೇಶ ಕೊಟ್ಟ ಮಾತು ಇದು. ನಾಲ್ಕು ಗೋಡೆ, ಒಂದು ಹಲಗೆ, ಒಬ್ಬ ಉಪಾಧ್ಯಾಯರು ಇದ್ದ ಮಾತ್ರಕ್ಕೆ ‘ಸಾಕಾದ ಅನುಕೂಲ’ ಆಯಿತೆ? ಮಗು ಆ ಬಾಗಿಲನ್ನು ಮುಟ್ಟಲಾಗದಿದ್ದರೆ ಅದು ಯಾರಿಗೆ ಸಾಕು?

ಇನ್ನೂ ಹಳೆಯ ಮಾತೊಂದಿದೆ. ೧೯೪೯ ರ ಆಗಸ್ಟ್ ತಿಂಗಳಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸಭೆ ಸೇರಿ, ಇಡೀ ಶಾಲೆಯಲ್ಲಿ ೪೦ ಮಂದಿ, ಇಲ್ಲವೆ ಒಂದು ತರಗತಿಯಲ್ಲಿ ೧೦ ಮಂದಿ ಅನ್ಯಭಾಷೆಯ ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸಲು ಉಪಾಧ್ಯಾಯರನ್ನು ನೇಮಿಸಬೇಕೆಂದು ನಿರ್ಣಯಿಸಿದರು. ಈಗ ಒಂದು ಎಣಿಕೆ ಮಾಡೋಣ. ಐದು ಹಳ್ಳಿಗಳಿವೆ, ಒಂದೊಂದರಲ್ಲಿಯೂ ಒಂದನೆಯ ತರಗತಿಗೆ ಸೇರುವ ಕನ್ನಡ ಮಕ್ಕಳು ಮೂವರು ಎಂದಿಟ್ಟುಕೊಳ್ಳಿರಿ. ಬಿಡಿಬಿಡಿಯಾಗಿ ಎಣಿಸಿದರೆ ಯಾವ ಊರಿನಲ್ಲಿಯೂ ೧೦ ತುಂಬುವುದಿಲ್ಲ. ಐದು ಊರುಗಳಿಗೂ ಕನ್ನಡ ಉಪಾಧ್ಯಾಯರಿಲ್ಲ. ಒಂದು ಬಸ್ಸು ಐದು ಊರುಗಳನ್ನು ಸುತ್ತಿ ಮಕ್ಕಳನ್ನು ಒಂದೆಡೆಗೆ ಕರೆತರಲಿ. ೧೫ ಆಯಿತು, ತರಗತಿ ನಿಂತಿತು, ಉಪಾಧ್ಯಾಯರ ಹುದ್ದೆಯೂ ಉಳಿಯಿತು. ಚದುರಿ ಬಾಳುವ ಜನಕ್ಕೆ ಬಸ್ಸೇ ಸಂಖ್ಯೆ, ಸಂಖ್ಯೆಯೇ ಶಾಲೆ. ಇದಕ್ಕಾಗಿಯೇ ನಾವು ಬಸ್ಸಿನ ಮಾತನ್ನು ಇಷ್ಟು ಒತ್ತಿ ಹೇಳುತ್ತಿದ್ದೇವೆ.

‘ನಿಮ್ಮ ಊರಿನಲ್ಲಿಯೇ ಶಾಲೆಯಿದೆಯಲ್ಲ, ಅಲ್ಲಿಗೇ ಕಳುಹಿಸಿರಿ’ ಎಂದು ಹೇಳುವವರಿದ್ದಾರೆ. ೨೦೦೯ ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ ರ ಏಪ್ರಿಲ್ ೧ ರಿಂದ ಜಾರಿಗೆ ಬಂದಿದೆ. ಅದರಡಿ ಕೇಂದ್ರ ಮಾಡಿದ ನಿಯಮಗಳಂತೆ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟನೆಯ ತರಗತಿಯವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕು. ಹಾಗಿಲ್ಲದ ಸಣ್ಣ ಹಳ್ಳಿಗಳ ಮಕ್ಕಳಿಗೆ ಉಚಿತ ವಾಹನ ಮೊದಲಾದ ಏರ್ಪಾಡುಗಳನ್ನು ಸರಕಾರವೇ ಮಾಡಬೇಕು. ಇಲ್ಲಿಯೇ ನಮಗೆ ಮೋಸವಾಗುತ್ತಿದೆ. ಒಂದು ಕಿಲೋಮೀಟರಿನೊಳಗಿನ ತಮಿಳು ಶಾಲೆಯನ್ನು ತೋರಿಸಿ, ಕನ್ನಡದ ಮಗುವಿಗೂ ಶಾಲೆ ಸಮೀಪದಲ್ಲಿದೆ, ವಾಹನ ಬೇಡವೆಂದು ಕಡತ ಮುಚ್ಚಬಹುದಾಗಿದೆ. ಆದರೆ ಅದೇ ಕಾಯಿದೆಯ ೨೯ ನೆಯ ಕಲಮು, ಸಾಧ್ಯವಿರುವ ಮಟ್ಟಿಗೆ ಬೋಧನೆಯ ಮಾಧ್ಯಮ ಮಗುವಿನ ಮಾತೃಭಾಷೆಯೇ ಆಗಿರಬೇಕೆನ್ನುತ್ತದೆ. ಎರಡನ್ನೂ ಸೇರಿಸಿ ಓದಿದರೆ ಅರ್ಥ ಸ್ಪಷ್ಟವಿದೆ: ದೂರವನ್ನು ಅಳೆಯಬೇಕಾದುದು ಮಗು ಕಲಿಯಬೇಕಾದ ಭಾಷೆಯ ಶಾಲೆಗೆ.

ತಮಿಳಿನ ಮೇಲೆ ನಮಗೆ ದ್ವೇಷವಿಲ್ಲ. ೨೦೦೬ ರ ಶಾಸನದ ಮೇರೆಗೆ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ನಮ್ಮ ಮಕ್ಕಳು ತಮಿಳನ್ನು ಕಲಿಯಲಿ, ಚೆನ್ನಾಗಿ ಕಲಿಯಲಿ. ನೆರೆಯವರ ಮಾತು ತಿಳಿದವನು ಬಾಳಿನಲ್ಲಿ ಕೆಡುವುದಿಲ್ಲ. ಆದರೆ ಅವರ ಮೊದಲ ಅಕ್ಷರ ಅವ್ವ ಆಡುವ ಮಾತಿನದಾಗಿರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ತಮಿಳುನಾಡಿನಲ್ಲಿ ಶಾಲಾ ಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಪಾಸು ಉಂಟು. ಒಳ್ಳೆಯ ಏರ್ಪಾಡು, ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಬಸ್ಸು ಬಾರದ ಹಳ್ಳಿಗೆ ಪಾಸಿನಿಂದ ಏನು ಫಲ? ಶಾಲೆಯ ಗಂಟೆ ಬಾರಿಸಿದ ಮೇಲೆ ಬರುವ ಬಸ್ಸಿನಿಂದ ಏನು ಫಲ? ಸಾಮಾನ್ಯ ಬಸ್ಸಿನ ವೇಳಾಪಟ್ಟಿ ಸಂತೆಗೆ, ಕೂಲಿಗೆ, ಕಾರ್ಖಾನೆಯ ಪಾಳಿಗೆ ಹೊಂದಿಕೊಂಡಿರುತ್ತದೆ. ತುಂಬಿದ ಬಸ್ಸಿನ ಮೆಟ್ಟಿಲಲ್ಲಿ ಏಳು ವರ್ಷದ ಮಗುವನ್ನು ನೇತುಹಾಕಿ ಯಾವ ತಾಯಿ ಮನೆಗೆ ನಿಶ್ಚಿಂತೆಯಿಂದ ಹಿಂದಿರುಗಿಯಾಳು?

ನಡೆದು ಹೋಗಲಿ ಎನ್ನುವವರು ನಮ್ಮ ಕಾಡಂಚಿನ ಹಾದಿಗಳನ್ನು ಕಂಡಿಲ್ಲ. ರಾಗಿಯ ತೆನೆ ಬಲಿಯುವ ಕಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಆನೆಯ ಹಿಂಡುಗಳು ತಳಿ, ಜವಳಗಿರಿ ಕಾಡುಗಳನ್ನು ಹಾಯ್ದು ಡೆಂಕಣಿಕೋಟೆಯ ಕಡೆಗೆ ಇಳಿಯುತ್ತವೆ. ಈ ಸೀಮೆಯ ಅರಣ್ಯವನ್ನು ೨೦೧೪ ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಆನೆಗೆ ಅಭಯ ಸಿಕ್ಕಿದ್ದು ಸಂತೋಷವೇ. ಆದರೆ ಅದೇ ಹಾದಿಯಲ್ಲಿ ನಸುಕಿನಲ್ಲಿ ಹೊರಟು ಸಂಜೆಗತ್ತಲಲ್ಲಿ ಮರಳುವ ಮಗುವಿನ ರಕ್ಷಣೆಗೆ ಯಾವ ಘೋಷಣೆಯಾಗಿದೆ? ದಾರಿ ದೂರವಾದಾಗ ಮೊದಲು ಶಾಲೆ ಬಿಡುವವಳು ಹುಡುಗಿ. ಅವಳಿಗೆ ಬುದ್ಧಿ ಕಡಮೆಯೆಂದಲ್ಲ. ಹತ್ತು ಹನ್ನೆರಡು ದಾಟಿದ ಹೆಣ್ಣುಮಗಳನ್ನು ಒಂಟಿ ಹಾದಿಗೆ ಕಳುಹಿಸಲು ಮನೆಯವರಿಗೆ ಧೈರ್ಯ ಸಾಲದು.

ಸರಕಾರದ ಹಣದಿಂದ ಮಕ್ಕಳನ್ನು ಶಾಲೆಗೆ ಕರೆತರುವುದು ನಾವು ಹೊಸದಾಗಿ ಕಂಡ ಕನಸಲ್ಲ. ಅಮೆರಿಕದ ಮಸಾಚುಸೆಟ್ಸ್ ರಾಜ್ಯ ೧೮೬೯ ರಲ್ಲಿಯೇ ಇದಕ್ಕೆ ಕಾನೂನು ಮಾಡಿತು; ಅಂದು ಮಕ್ಕಳನ್ನು ಹೊತ್ತದ್ದು ಕುದುರೆಯ ಗಾಡಿ. ಇಂಗ್ಲೆಂಡಿನ ೧೯೪೪ ರ ಶಿಕ್ಷಣ ಶಾಸನ ಎಂಟು ವರ್ಷದೊಳಗಿನ ಮಗುವಿಗೆ ಎರಡು ಮೈಲಿ, ದೊಡ್ಡ ಮಗುವಿಗೆ ಮೂರು ಮೈಲಿ ಎಂದು ನಡಿಗೆಯ ಮಿತಿಯನ್ನು ಹಾಕಿತು. ಅದಕ್ಕಿಂತ ದೂರದ ಶಾಲೆಗೆ ಸ್ಥಳೀಯ ಆಡಳಿತ ತಕ್ಕ ವಾಹನ ಒದಗಿಸದಿದ್ದರೆ, ಮಗು ಶಾಲೆಗೆ ಬರಲಿಲ್ಲವೆಂದು ತಾಯಿತಂದೆಯರನ್ನು ತಪ್ಪಿತಸ್ಥರೆನ್ನುವಂತಿಲ್ಲ. ನಮ್ಮಲ್ಲಿ ಇಂದಿಗೂ ಪಾಲಕರ ನಿರಾಸಕ್ತಿ ಎಂಬ ಒಂದೇ ಮಾತಿನಿಂದ ಹೊಣೆ ಬಡವನ ಹೆಗಲಿಗೇ ಬೀಳುತ್ತದೆ.

ತಮಿಳುನಾಡಿಗೂ ಈ ತತ್ತ್ವ ಅಪರಿಚಿತವಲ್ಲ. ಹಸಿದ ಮಗು ಕಲಿಯಲಾರದೆಂದು ಅರಿತ ಕಾಮರಾಜರು ೧೯೫೬ ರಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ತಂದರು. ೧೯೮೨ ರಲ್ಲಿ ಎಂ. ಜಿ. ರಾಮಚಂದ್ರನ್ ಅದನ್ನು ವಿಸ್ತರಿಸಿದರು. ೨೦೨೨ ರಲ್ಲಿ ಬೆಳಗಿನ ಉಪಾಹಾರವೂ ಆರಂಭವಾಯಿತು. ದೇಶವೇ ಮೆಚ್ಚಿದ ಕಾರ್ಯವಿದು. ಆ ಸರಕಾರವನ್ನು ನಾವು ಕೇಳುವುದಿಷ್ಟು: ಶಾಲೆಯನ್ನೇ ತಲಪದ ಮಗು ಆ ಊಟದ ಎಲೆಯ ಮುಂದೆ ಕುಳಿತುಕೊಳ್ಳುವುದೆಂತು?

ಹಣವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ದೂರದ ನೆಲೆಗಳ ಮಕ್ಕಳ ಪ್ರಯಾಣಕ್ಕೆಂದು ಮಗುವೊಂದಕ್ಕೆ ವರ್ಷಕ್ಕೆ ೬,೦೦೦ ರೂಪಾಯಿವರೆಗೆ ಕೊಡಲು ಅವಕಾಶವಿದೆ. ಮೂವತ್ತು ಮಕ್ಕಳಿಗೆ ೧,೮೦,೦೦೦ ರೂಪಾಯಿ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ೧೮,೦೦೦. ಚಾಲಕನ ಸಂಬಳ, ಡೀಸೆಲು, ಟೈರು, ವಿಮೆ, ರಿಪೇರಿ ಇವೆಲ್ಲ ಅಷ್ಟರಲ್ಲಿ ಮುಗಿಯವು. ಸಾಲದೆಂಬಂತೆ ೨೦೨೪–೨೫ ರಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ನಡೆದ ವಿವಾದದಲ್ಲಿ ತಮಿಳುನಾಡಿಗೆ ಬರಬೇಕಾದ ಈ ಯೋಜನೆಯ ಹಣವೇ ತಡೆಯಲ್ಪಟ್ಟಿತು. ದೊಡ್ಡವರ ಜಗಳಕ್ಕೆ ಮಕ್ಕಳ ಬಸ್ಸು ಒತ್ತೆಯಾಗಬಾರದು. ಆದುದರಿಂದ ರಾಜ್ಯದ ಆಯವ್ಯಯದಲ್ಲಿಯೇ ಇದಕ್ಕೆ ಪ್ರತ್ಯೇಕ ಬಾಬು ಇರಬೇಕು.

ಬಸ್ಸನ್ನು ಕೊಳ್ಳುವುದು ಒಂದು ದಿನದ ಸಮಾರಂಭ. ಓಡಿಸುವುದು ನಿತ್ಯದ ದುಡಿಮೆ. ಕೇರಳದಲ್ಲಿ ಶಾಸಕರ ನಿಧಿಯಿಂದ ಸರಕಾರಿ ಶಾಲೆಗಳಿಗೆ ಬಸ್ಸು ಕೊಡಿಸುತ್ತಾರೆ. ಆದರೆ ನಿತ್ಯದ ಖರ್ಚಿನ ಭಾರ ಪಾಲಕರ ಸಂಘಗಳ ಮೇಲೆ ಬೀಳುತ್ತದೆ. ಗೋವಾದ ‘ಬಾಲರಥ’ ಯೋಜನೆಯಲ್ಲಿ ಬಸ್ಸಿನ ಜೊತೆಗೆ ಅದನ್ನು ನಡೆಸುವ ವೆಚ್ಚಕ್ಕೂ ಅನುದಾನವಿದೆ. ನಾವು ಕೇಳುವುದು ಈ ಎರಡನೆಯ ಬಗೆಯದನ್ನು. ಬಸ್ಸನ್ನು ಸರಕಾರಿ ಸಾರಿಗೆ ನಿಗಮವೇ ಓಡಿಸಲಿ. ಹಣವನ್ನು ಶಿಕ್ಷಣ ಇಲಾಖೆ ಕೊಡಲಿ. ಮೇಲ್ವಿಚಾರಣೆ ಶಾಲಾ ನಿರ್ವಹಣಾ ಸಮಿತಿಯದಾಗಿರಲಿ. ಒಂದೊಂದು ಬಸ್ಸಿನಲ್ಲಿಯೂ ಕನ್ನಡ ಬಲ್ಲ ಆಯಾ ಒಬ್ಬಳಿರಲಿ. ಅಗ್ಗವೆಂದು ಹಳೆಯ ಗಾಡಿಯನ್ನು ನಮ್ಮ ಪಾಲಿಗೆ ತಳ್ಳುವುದು ಬೇಡ. ೨೦೧೨ ರ ಜುಲೈ ತಿಂಗಳಲ್ಲಿ ಚೆನ್ನೈ ಸಮೀಪದಲ್ಲಿ ಖಾಸಗಿ ಶಾಲೆಯ ಬಸ್ಸಿನ ತಳದ ತೂತಿನಿಂದ ಬಿದ್ದು ಎಳೆಯ ಬಾಲಕಿಯೊಬ್ಬಳು ಪ್ರಾಣ ತೆತ್ತ ಮೇಲೆ ಶಾಲಾ ಬಸ್ಸುಗಳಿಗೆಂದೇ ತಮಿಳುನಾಡು ವಿಶೇಷ ನಿಯಮಗಳನ್ನು ಮಾಡಿತು. ಆ ನಿಯಮಗಳೆಲ್ಲ ನಮ್ಮ ಮಕ್ಕಳ ಬಸ್ಸಿಗೂ ಅಕ್ಷರಶಃ ಸಲ್ಲಬೇಕು.

ಬೆಂಗಳೂರಿಗೂ ಒಂದು ಮಾತು. ಹೊಸೂರಿನಿಂದ ಬೆಂಗಳೂರು ಸುಮಾರು ೪೦ ಕಿಲೋಮೀಟರು. ಆದರೆ ನಮ್ಮ ಮಕ್ಕಳ ಕೂಗು ಅಲ್ಲಿಗೆ ಕೇಳಿಸುವುದು ಕಡಮೆ. ನವೆಂಬರ್ ತಿಂಗಳಲ್ಲಿ ಬಾವುಟ, ಭಾಷಣ, ಶಾಲು, ಡಿಸೆಂಬರಿನಲ್ಲಿ ಮೌನ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೆಂಬ ಸಂಸ್ಥೆಯೇ ಇದೆಯಲ್ಲ? ಹೊರರಾಜ್ಯದ ಕನ್ನಡ ಶಾಲೆಗಳಿಗೆ ಅದು ಕೊಡುವ ನೆರವಿನಲ್ಲಿ ಮಕ್ಕಳ ವಾಹನಕ್ಕೂ ಪಾಲಿರಲಿ. ಮೊದಲ ಹೊಣೆ ತಮಿಳುನಾಡಿನದು, ಏಕೆಂದರೆ ನಾವು ತೆರಿಗೆ ಕಟ್ಟುವುದು ಅಲ್ಲಿಗೆ. ಆದರೆ ಅಣ್ಣನ ಮನೆ ತುಂಬಿರುವಾಗ ತಂಗಿಯ ಮಕ್ಕಳು ಬರಿಗಾಲಲ್ಲಿ ನಡೆಯುವುದು ಅಣ್ಣನಿಗೂ ಗೌರವವಲ್ಲ.

ಕಡೆಯದಾಗಿ, ಬಂಧುಗಳೇ, ನಿಮ್ಮ ಕೆಲಸ. ಬರಿಯ ಕೋಪದಿಂದ ಬಸ್ಸು ಹೊರಡುವುದಿಲ್ಲ. ನಿಮ್ಮ ಊರಿನಲ್ಲಿ ಐದರಿಂದ ಹದಿನಾಲ್ಕು ವರ್ಷದ ಕನ್ನಡ ಮಕ್ಕಳು ಎಷ್ಟು ಮಂದಿ, ಕನ್ನಡ ಶಾಲೆ ಎಷ್ಟು ದೂರ, ದಾರಿಯಲ್ಲಿ ಹಳ್ಳವೆಲ್ಲಿ, ಕಾಡೆಲ್ಲಿ ಎಂದು ಮನೆಮನೆಗೂ ಹೋಗಿ ಬರೆದುಕೊಳ್ಳಿರಿ. ನೆರೆಯ ನಾಲ್ಕು ಊರುಗಳವರ ಪಟ್ಟಿಯೊಡನೆ ಸೇರಿಸಿರಿ. ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಯರೇ ಇರಬೇಕು. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಆ ಸಮಿತಿ ಸಿದ್ಧಪಡಿಸುವ ಶಾಲಾಭಿವೃದ್ಧಿ ಯೋಜನೆಯೇ ಸರಕಾರದ ಅನುದಾನಕ್ಕೆ ಆಧಾರವಾಗಬೇಕೆಂದು ಕಾಯಿದೆ ಹೇಳುತ್ತದೆ. ಆ ಯೋಜನೆಯ ಮೊದಲ ಸಾಲಿನಲ್ಲಿ ಬಸ್ಸನ್ನು ಬರೆಯಿಸಿರಿ. ಗ್ರಾಮಸಭೆಗಳಿಗೆ ತಪ್ಪದೆ ಹೋಗಿರಿ. ಜನವರಿ ೨೬, ಮೇ ೧, ಆಗಸ್ಟ್ ೧೫, ಅಕ್ಟೋಬರ್ ೨ ಇವುಗಳೊಡನೆ ೨೦೨೨ ರಲ್ಲಿ ನವೆಂಬರ್ ೧ ನ್ನೂ ತಮಿಳುನಾಡು ಗ್ರಾಮಸಭೆಯ ದಿನವಾಗಿ ಸೇರಿಸಿತು. ರಾಜ್ಯೋತ್ಸವದ ದಿನವೇ ಗ್ರಾಮಸಭೆ! ಆ ದಿನ ತಾಯಿ ಭುವನೇಶ್ವರಿಗೆ ಹೂವು ಏರಿಸಿ, ಮಕ್ಕಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸಭೆಗೆ ಹೋಗಿರಿ. ನಿರ್ಣಯವನ್ನು ಬರೆಯಿಸಿ, ಸಹಿ ಹಾಕಿಸಿ, ಪ್ರತಿಯೊಂದನ್ನು ಪಡೆಯದೆ ಮನೆಗೆ ಮರಳಬೇಡಿರಿ.

ನಮ್ಮ ಬೇಡಿಕೆ ಭಿಕ್ಷೆಯಲ್ಲ, ಕೊಟ್ಟ ಮಾತಿನ ವಸೂಲಿ. ಐದು ಊರುಗಳು ಒಂದಾಗಿ ನಿಂತರೆ ಒಂದು ಬಸ್ಸು ಬರುತ್ತದೆ. ಪಟ್ಟಿ ಬರೆಯುವ ಕೆಲಸವನ್ನು ಈ ವಾರವೇ ಆರಂಭಿಸಿರಿ.