ದೊಡ್ಡ ಜಿ, ಚಿಕ್ಕ ಜಿ

ಮೊನ್ನೆ ಭಾನುವಾರ ಅಕ್ಕನ ಮಗಳು ವಿಜ್ಞಾನದ ನೋಟ್ಸು ಹಿಡ್ಕೊಂಡು ಬಂದಳು. ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. "ಮಾಮಾ, ಈ ಲೆಕ್ಕದ ಉತ್ತರ ತಾಳೆ ಆಗ್ತಿಲ್ಲ." ಕಟ್ಟಡದ ಮೇಲಿಂದ ಬಿಟ್ಟ ಕಲ್ಲು 3 ಸೆಕೆಂಡಿನಲ್ಲಿ ಎಷ್ಟು ದೂರ ಬೀಳುತ್ತೆ ಅನ್ನೋ ಲೆಕ್ಕ. 44.1 ಮೀಟರ್ ಬರಬೇಕು. ಇವಳ ಕಲ್ಲು ಬಿದ್ದಿರೋದು ಹೆಚ್ಚುಕಮ್ಮಿ ಒಂದು ಪರಮಾಣುವಿನ ಗಾತ್ರದಷ್ಟು ದೂರ! 9.8 ಹಾಕೋ ಕಡೆ 6.67×10⁻¹¹ ಹಾಕಿದ್ದಳು.

"ಎರಡೂ ಕಡೆ ಜಿ ಅಂತಲೇ ಬರೆಸಿದಾರೆ ಮಾಮಾ."

ನೋಡಿದರೆ ಹೌದು. ಅವಳ ತಪ್ಪೇನಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅನ್ನೋ ಭೇದವೇ ಇಲ್ಲ. ಬಾಯಲ್ಲಿ ಹೇಳಿ ಬರೆಸಿದರೆ ಎರಡೂ ಜಿಗಳು ಒಂದೇ. ಆದರೆ ಚಿಕ್ಕ ಜಿ ಅಂದರೆ ಭೂಮಿಯ ಮೇಲೆ ಬೀಳುವ ವಸ್ತುವಿನ ವೇಗೋತ್ಕರ್ಷ. ಚಂದ್ರನ ಮೇಲೆ ಅದು ಸುಮಾರು 1.6 ಅಷ್ಟೇ. ದೊಡ್ಡ ಜಿ ಎಲ್ಲಿ ಹೋದರೂ ಬದಲಾಗದ ಸ್ಥಿರಾಂಕ.

ಹಾಗಾದ್ರೆ ಸೂತ್ರವನ್ನೇ ಕನ್ನಡದಲ್ಲಿ ಬರೆಯೋಣ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಬಲಕ್ಕೆ 'ಬ' ಸರಿ, ದ್ರವ್ಯರಾಶಿಗೂ ದೂರಕ್ಕೂ 'ದ' ಬಂದರೆ ಏನ್ ಮಾಡ್ತೀರಿ? ಪಿಯುಸಿಗೆ ಹೋದ ಮೇಲೆ ಮಕ್ಕಳು ಎಲ್ಲ ಹೊಸದಾಗಿ ಕಲೀಬೇಕು ಬೇರೆ. ಅಕ್ಷರಗಳು ಇಂಗ್ಲಿಷಿನವೇ ಇರಲಿ. ನನ್ನ ತಕರಾರು ಇರೋದು ಪಾಠ ಅಕ್ಷರಗಳಿಂದ ಶುರುವಾಗುತ್ತಲ್ಲ, ಅದರ ಬಗ್ಗೆ.

1687ರಲ್ಲಿ ನ್ಯೂಟನ್ 'ಪ್ರಿನ್ಸಿಪಿಯಾ' ಪ್ರಕಟಿಸಿದಾಗ ಅದರಲ್ಲಿ ಈ ಸೂತ್ರವೇ ಇರಲಿಲ್ಲ. ಲ್ಯಾಟಿನ್ ವಾಕ್ಯಗಳು, ರೇಖಾಗಣಿತದ ಚಿತ್ರಗಳು, ಅಷ್ಟೇ. 1798ರಲ್ಲಿ ಕ್ಯಾವೆಂಡಿಷ್ ಸೀಸದ ಗುಂಡುಗಳ ಸೆಳೆತ ಅಳೆದನಲ್ಲ, ಅವನು ಹುಡುಕಿದ್ದೂ ದೊಡ್ಡ ಜಿಯನ್ನಲ್ಲ, ಭೂಮಿಯ ಸಾಂದ್ರತೆಯನ್ನ. ನೀರಿನ 5.48 ಪಟ್ಟು ಅಂತ ಬರೆದ. ಆ ಅಕ್ಷರ ನಮಗೆ ಕಾಣೋದು 1894ರಲ್ಲಿ, ಬಾಯ್ಸ್ ಅನ್ನೋ ವಿಜ್ಞಾನಿಯ ಪ್ರಬಂಧದಲ್ಲಿ. ಇನ್ನೂರು ವರ್ಷ ಅಕ್ಷರವಿಲ್ಲದೆ ನಡೆದ ನಿಯಮವನ್ನ ನಾವು ಮಕ್ಕಳಿಗೆ ಮೊದಲ ದಿನವೇ ಅಕ್ಷರವಾಗಿ ಉರು ಹೊಡೆಸ್ತೀವಿ.

ಸೂತ್ರ ಇಲ್ಲದೆ ಹೇಳೋಕಾಗಲ್ವಾ? ಚಂದ್ರ ಇರೋದು ಭೂಮಿಯ ಕೇಂದ್ರದಿಂದ ಸುಮಾರು 60 ಭೂತ್ರಿಜ್ಯಗಳಷ್ಟು ದೂರದಲ್ಲಿ. ದೂರ 60 ಪಟ್ಟಾದರೆ ಸೆಳೆತ 60ರ ವರ್ಗದಷ್ಟು, ಅಂದರೆ 3600 ಪಟ್ಟು ಕಮ್ಮಿ. ಇಲ್ಲಿ ಕೈಬಿಟ್ಟ ಕಲ್ಲು ಮೊದಲ ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತೆ. ಚಂದ್ರ ತಾನು ನೇರ ಹೋಗಬೇಕಿದ್ದ ದಾರಿಯಿಂದ ಅಷ್ಟೇ ಭೂಮಿಯ ಕಡೆ ಬೀಳೋದಕ್ಕೆ ಒಂದು ನಿಮಿಷ ತಗೊಳ್ಳುತ್ತೆ. ನ್ಯೂಟನ್ ತಾಳೆ ನೋಡಿದ್ದು ಇದನ್ನೇ. 'ದೂರದ ವರ್ಗಕ್ಕೆ ವಿಲೋಮ ಅನುಪಾತ' ಅಂದರೆ ಏನು ಅಂತ ನನಗೆ ಅರ್ಥ ಆಗಿದ್ದು ಇದನ್ನ ಓದಿದ ಮೇಲೆ, ಅದೂ ಕಾಲೇಜು ಮುಗಿಸಿ ಎಷ್ಟೋ ವರ್ಷಕ್ಕೆ! ಪರೀಕ್ಷೆಯಲ್ಲಿ ಮಾತ್ರ ಪೂರ್ತಿ ಮಾರ್ಕ್ಸ್ ಬಂದಿತ್ತು :)

ಹುಡುಗಿಗೆ ಇದಿಷ್ಟನ್ನೂ ಹೇಳಿದೆ. "ಚಂದ್ರ ಬೀಳ್ತಾನೇ ಇದಾನಾ?" ಅಂತ ಎರಡು ಸಲ ಕೇಳಿದಳು. ಆಮೇಲೆ ನೋಟ್ಸು ತೆಗೆದು ಒಂದು ಜಿ ಪಕ್ಕ ಪೆನ್ಸಿಲ್ಲಿನಲ್ಲಿ 'ಭೂಮಿದು' ಅಂತಲೂ ಇನ್ನೊಂದರ ಪಕ್ಕ 'ಎಲ್ಲಾ ಕಡೆದು' ಅಂತಲೂ ಬರ್ಕೊಂಡಳು.