ಒಂದೇ ಸ್ತನದಲ್ಲಿ ಎರಡು ಗಂಟುಗಳಿದ್ದರೆ



ಫೆಬ್ರವರಿ 5 ಸಂತ ಅಗಾಥಳ ಹಬ್ಬ. ಸ್ತನದ ಕಾಯಿಲೆಯಿಂದ ನರಳುವವರ ಪಾಲಕಿ ಆಕೆ. ಅಂದು ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಫೈಲು ಹಿಡಿದು ಬಂದರು. "ಸ್ವಾಮಿ, ಒಂದೇ ಕಡೆ ಎರಡು ಕ್ಯಾನ್ಸರ್ ಗಂಟಿವೆಯಂತೆ. ಎರಡಿದ್ದರೆ ಪೂರ್ತಿ ತೆಗೀತಾರಂತೆ. ಅದಕ್ಕೇ ನಾನು ಮತ್ತೆ ಆಸ್ಪತ್ರೆಗೆ ಹೋಗಲಿಲ್ಲ." ಎರಡು ತಿಂಗಳಾಗಿತ್ತು. ಮನೆಯವರಿಗೂ ಹೇಳಿರಲಿಲ್ಲ.

ಅವರ ಯಜಮಾನರಿಗೆ ವಿಷಯ ತಿಳಿಸಿ, ಮೂವರೂ ಶಸ್ತ್ರವೈದ್ಯರ ಬಳಿಗೆ ಹೋದೆವು. ಆ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಯಾರೆಂದು ದಯವಿಟ್ಟು ಕೇಳಬೇಡಿ.

ಹಿಂದೆ ಒಂದಕ್ಕಿಂತ ಹೆಚ್ಚು ಗಂಟಿದ್ದರೆ ಸ್ತನವನ್ನು ಪೂರ್ತಿ ತೆಗೆಯುವುದೇ ರೂಢಿಯಾಗಿತ್ತು. ಈಗ ಎಲ್ಲರಿಗೂ ಹಾಗಲ್ಲ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೇ ಸ್ತನದಲ್ಲಿ ಎರಡು ಮೂರು ಗಂಟುಗಳಿದ್ದ 204 ಮಹಿಳೆಯರಿಗೆ ಗಂಟುಗಳನ್ನಷ್ಟೇ ತೆಗೆದು, ರೇಡಿಯೇಶನ್ ಕೊಟ್ಟರು. ಐದು ವರ್ಷಗಳಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು ಶೇಕಡಾ 3ರಷ್ಟು ಮಂದಿಗೆ ಮಾತ್ರ. ಮೊದಲೇ ಎಂ.ಆರ್.ಐ. ಮಾಡಿಸಿಕೊಂಡವರಲ್ಲಿ ಅದು ಇನ್ನೂ ಕಡಿಮೆ. ಮಾಡಿಸದ 15 ಮಂದಿಯಲ್ಲಿ ಮೂವರಿಗೆ ಮರಳಿತ್ತು. ಆದ್ದರಿಂದ "ಎಂ.ಆರ್.ಐ. ಬೇಕೇ?" ಎಂದು ಕೇಳುವುದು ತಪ್ಪಲ್ಲ. ಆದರೆ ಅವರೆಲ್ಲ 40 ದಾಟಿದವರು. ಪೂರ್ತಿ ತೆಗೆಸಿಕೊಂಡವರೊಡನೆ ಹೋಲಿಸಿ ನೋಡಿದ ಅಧ್ಯಯನವೂ ಅದಲ್ಲ.

ಗಂಟುಗಳು ಸ್ತನದ ತುಂಬ ಹರಡಿದ್ದರೆ, ಕತ್ತರಿಸಿದ ಅಂಚಿನಲ್ಲಿ ಮತ್ತೆ ಮತ್ತೆ ಕ್ಯಾನ್ಸರ್ ಕಂಡರೆ, ಗರ್ಭಿಣಿಯಾಗಿಯೋ ಬೇರೆ ಕಾರಣಕ್ಕೋ ರೇಡಿಯೇಶನ್ ಕೊಡಲಾಗದಿದ್ದರೆ ಪೂರ್ತಿ ತೆಗೆಯುವುದೇ ಕ್ಷೇಮ. ಹಾಗೆ ತೆಗೆದವರಿಗೆ ಹೊಸದಾಗಿ ಸ್ತನ ರೂಪಿಸುವ ಶಸ್ತ್ರಚಿಕಿತ್ಸೆಯೂ ಇದೆ. ಸ್ತನ ಉಳಿಸಿಕೊಳ್ಳಬಹುದಾದರೂ ಪೂರ್ತಿ ತೆಗೆಸುವುದೇ ನೆಮ್ಮದಿ ಎನ್ನುವವರಿದ್ದಾರೆ. ಅದು ಅವರ ತೀರ್ಮಾನ. ಅತ್ತೆಯದೂ ಅಲ್ಲ, ನೆರೆಮನೆಯವರದೂ ಅಲ್ಲ, ಗುರುಗಳದಂತೂ ಅಲ್ಲವೇ ಅಲ್ಲ.

ವೈದ್ಯರ ಕೋಣೆಯಲ್ಲಿ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಯಾವುದರಲ್ಲಿ ಇವಳು ಉಳೀತಾಳೆ, ಡಾಕ್ಟ್ರೇ?" ಆ ತಾಯಿ ಅತ್ತದ್ದು ಆಗಲೇ. ಎರಡು ತಿಂಗಳು ಅವರು ಹೆದರಿದ್ದು ಗಂಡನ ಕಣ್ಣಿಗೆ ಎಂದು ನಮಗೆ ಆಮೇಲೆ ತಿಳಿಯಿತು.

ಎಂ.ಆರ್.ಐ.ಯಲ್ಲಿ ಮೂರನೆಯ ಗಂಟು ಕಾಣಲಿಲ್ಲ. ಎರಡನ್ನೂ ತೆಗೆದರು, ಅಂಚುಗಳು ಶುದ್ಧವಾಗಿವೆ. ರೇಡಿಯೇಶನ್ ಈಸ್ಟರ್ ಹಬ್ಬದ ನಂತರ ಶುರುವಾಗಿದೆ. ವಾರಕ್ಕೆ ಐದು ದಿನ ಹೋಗಿ ಬರಬೇಕು. ಯಜಮಾನರೇ ಕರೆದುಕೊಂಡು ಹೋಗುತ್ತಿದ್ದಾರೆ.